ಕಾಲು ಮುರಿದಾಗ: ಕಲಬುರಗಿ, ಬೀದರ್, ಯಾದಗಿರಿಯ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಭಾಗದಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಮನೆಗೆ ದುಡಿದು ಹಾಕುವವರು. ಬೈಕಿನಿಂದ ಬಿದ್ದವರು, ಶಹಾಬಾದ್ ಮತ್ತು ಚಿತ್ತಾಪುರ ಕಡೆಯ ಗಣಿಗಳಲ್ಲಿ ಹಾಸುಗಲ್ಲು ಕಾಲ ಮೇಲೆ ಉರುಳಿದವರು, ಕಬ್ಬಿನ ಟ್ರಾಲಿಯ ಕೆಳಗೆ ಸಿಕ್ಕವರು, ಬೆಂಗಳೂರು ಪುಣೆಗಳ ಕಟ್ಟಡದ ಸಾರುವೆಯಿಂದ ಬಿದ್ದು ಊರಿಗೆ ಮರಳಿದವರು. ನಾನು ಫಿಸಿಯೋಥೆರಪಿಸ್ಟ್. ಎಲುಬು ಕೂಡಿಸುವ ಕೆಲಸ ವೈದ್ಯರದ್ದು, ಆಮೇಲೆ ನಡೆಸುವ ಕೆಲಸ ನನ್ನದು. ಹೀಗಾಗಿ ಮಂಚದ ಪಕ್ಕ ನಿಂತ ತಾಯಿ, ಹೆಂಡತಿ, ಅಣ್ಣ ತಮ್ಮಂದಿರು ಕೇಳುವ ಪ್ರಶ್ನೆಗಳೆಲ್ಲ ನನ್ನ ಕಿವಿಗೆ ಬೀಳುತ್ತವೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಖಚಿತವಾಗಿರುವ ಮಾತು ಒಂದಿದೆ: ಬಹಳಷ್ಟು ಕಾಲುಗಳು ಕೆಡುವುದು ಮೊದಲ ಕೆಲವು ಗಂಟೆಗಳಲ್ಲಿ, ಇಲ್ಲವೇ ಮನೆಗೆ ಹೋದ ಮೇಲಿನ ತಿಂಗಳುಗಳಲ್ಲಿ. ಈ ಎರಡೂ ಹೊತ್ತಿನಲ್ಲಿ ಕಾಲು ಮನೆಯವರ ಕೈಯಲ್ಲೇ ಇರುತ್ತದೆ. ಅದಕ್ಕಾಗಿ ಈ ಉತ್ತರಗಳು.

ಮುರಿದಿದೆಯೋ ಉಳುಕಿದೆಯೋ ತಿಳಿಯುವುದು ಹೇಗೆ?

ಕಾಲು ಸೊಟ್ಟಗಾಗಿದ್ದರೆ, ಇನ್ನೊಂದು ಕಾಲಿಗಿಂತ ಗಿಡ್ಡವಾಗಿ ಕಂಡರೆ, ಪಾದ ಹೊರಕ್ಕೆ ವಾಲಿಕೊಂಡಿದ್ದರೆ ಮುರಿದಿದೆ ಎಂದೇ ತಿಳಿಯಿರಿ. ಆಕಾರ ಸರಿಯಿದ್ದೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಲುಬಿನ ಮೇಲೆಯೇ ಬೆರಳಿಟ್ಟು ಒತ್ತಿದಾಗ ಜೀವ ಹೋದಂತೆ ನೋವಾದರೆ ಎಕ್ಸ್‌ರೇ ತೆಗೆಸಲೇಬೇಕು. "ಬೆರಳು ಆಡಿಸುತ್ತಿದ್ದಾನೆ, ಹಾಗಾಗಿ ಮುರಿದಿಲ್ಲ" ಎನ್ನುವ ಮಾತು ಹಳ್ಳಿಯಲ್ಲೂ ಪಟ್ಟಣದಲ್ಲೂ ಕೇಳಿಬರುತ್ತದೆ. ಬೆರಳನ್ನು ಆಡಿಸುವುದು ಸ್ನಾಯು ಮತ್ತು ನರ. ಎಲುಬು ಎರಡು ತುಂಡಾಗಿದ್ದರೂ ಬೆರಳು ಆಡಬಹುದು.

ಆಂಬುಲೆನ್ಸ್ ಬರುವವರೆಗೆ ನಾವು ಏನು ಮಾಡಬೇಕು?

108ಕ್ಕೆ ಕರೆ ಮಾಡಿದ ಕೂಡಲೇ ಮೊದಲು ರಕ್ತ ನೋಡಿ. ಸುರಿಯುತ್ತಿದ್ದರೆ ಶುದ್ಧ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ಕಿತ್ತು ನೋಡಬೇಡಿ, ಮೇಲೆ ಇನ್ನೊಂದನ್ನು ಇಟ್ಟು ಒತ್ತಿ. ಒತ್ತಿದರೂ ನಿಲ್ಲದೆ ರಕ್ತ ಚಿಮ್ಮುತ್ತಿದ್ದರೆ ಮಾತ್ರ ಗಾಯದ ಮೇಲ್ಭಾಗದಲ್ಲಿ ಅಗಲವಾದ ಬಟ್ಟೆಯಿಂದ ಬಿಗಿದು, ಬಿಗಿದ ಸಮಯವನ್ನು ಚೀಟಿಯಲ್ಲೋ ಹಣೆಯ ಮೇಲೋ ಬರೆಯಿರಿ. ತೆಳು ದಾರ, ತಂತಿ, ಜನಿವಾರ, ಉಡುದಾರ ಬೇಡವೇ ಬೇಡ.

ಆಮೇಲೆ ಕಾಲು ಅಲುಗಾಡದಂತೆ ಕಟ್ಟುವುದು. ಆಸ್ಪತ್ರೆಯ ಸಾಮಾನು ಬೇಕಿಲ್ಲ. ಮನೆಯ ಕೌದಿಯನ್ನು ಉದ್ದಕ್ಕೆ ಸುತ್ತಿ ಎರಡು ಕಾಲುಗಳ ನಡುವೆ ಇಡಿ, ಮುರಿದ ಕಾಲನ್ನು ಚೆನ್ನಾಗಿರುವ ಕಾಲಿಗೆ ಸೇರಿಸಿ ಟವೆಲ್, ಸೀರೆ ತುಂಡುಗಳಿಂದ ನಾಲ್ಕೈದು ಕಡೆ ಕಟ್ಟಿ. ಹಲಗೆ ಇದ್ದರೆ ಹೊರಗಿನಿಂದ ಅದನ್ನೂ ಸೇರಿಸಿ. ಗಂಟು ಸರಿಯಾಗಿ ಗಾಯದ ಮೇಲೆ ಬರಬಾರದು. ಕಟ್ಟಿದ ಮೇಲೆ ಬೆರಳುಗಳನ್ನು ನೋಡಿ: ಹೆಬ್ಬೆರಳ ಉಗುರನ್ನು ಒತ್ತಿದರೆ ಬಿಳುಚಿಕೊಳ್ಳುತ್ತದೆ, ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಮರಳದಿದ್ದರೆ ಕಟ್ಟು ಬಿಗಿಯಾಗಿದೆ, ಸಡಿಲಿಸಿ.

ಇನ್ನೊಂದು ಸಣ್ಣ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಕಾಲುಂಗುರ, ಗೆಜ್ಜೆ, ಕಡಗಗಳನ್ನು ಆಗಲೇ ಬಿಚ್ಚಿಡಿ. ಒಂದೆರಡು ಗಂಟೆಯಲ್ಲಿ ಪಾದ ಊದಿಕೊಂಡ ಮೇಲೆ ಬೆಳ್ಳಿ ಚರ್ಮದೊಳಗೆ ಹೂತುಹೋಗುತ್ತದೆ, ಆಗ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ತಿನ್ನಲು ಕುಡಿಯಲು ಏನನ್ನೂ ಕೊಡಬೇಡಿ, ಆಪರೇಷನ್ನಿಗೆ ಅರಿವಳಿಕೆ ಕೊಡಬೇಕಾಗಬಹುದು. ಗಾಯಾಳುವನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವ ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ತೊಡೆಯ ಎಲುಬು ಮುರಿದರೆ ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಒಳಗೇ ಒಂದರಿಂದ ಒಂದೂವರೆ ಲೀಟರ್ ಸೋರಿಹೋಗಬಹುದು. ಕುಲುಕಿದಷ್ಟೂ ಅದು ಹೆಚ್ಚುತ್ತದೆ. ಆಂಬುಲೆನ್ಸ್ ತಡವಾಗುವಂತಿದ್ದರೆ ಗೂಡ್ಸ್ ಟೆಂಪೋದಲ್ಲಿ ಹೊರಸನ್ನೇ ಇಟ್ಟು, ಅದರ ಮೇಲೆ ಹಲಗೆ ಹಾಕಿ ಉದ್ದಕ್ಕೆ ಮಲಗಿಸಿ ಕರೆತನ್ನಿ.

ಬರೀ ಕಟ್ಟಿನಿಂದ ಏನಾದೀತು ಎನ್ನುವವರಿಗೆ ಒಂದು ಹಳೆಯ ಸಂಗತಿ. ಮೊದಲ ಮಹಾಯುದ್ಧದಲ್ಲಿ ತೊಡೆ ಎಲುಬು ಮುರಿದ ಸೈನಿಕರು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದರು. ಹ್ಯೂ ಓವನ್ ಥಾಮಸ್ ಎಂಬ ವೈದ್ಯರು ಅದಕ್ಕೂ ಬಹಳ ಹಿಂದೆಯೇ ರೂಪಿಸಿದ್ದ ಕಬ್ಬಿಣದ ಸರಳಿನ ಚೌಕಟ್ಟನ್ನು ಅವರ ಹೆಂಡತಿಯ ಸೋದರಳಿಯ ಹಾಗೂ ಶಿಷ್ಯ ರಾಬರ್ಟ್ ಜೋನ್ಸ್ ಯುದ್ಧಭೂಮಿಗೆ ತಂದರು. ಕಾಲನ್ನು ಅಲುಗದಂತೆ ಹಿಡಿದಿಟ್ಟದ್ದರಿಂದ ಸಾವುಗಳು ಗಣನೀಯವಾಗಿ ಇಳಿದವು. ಅದೇ ಥಾಮಸ್ ಸ್ಪ್ಲಿಂಟ್ ಇಂದಿಗೂ ನಮ್ಮ ವಾರ್ಡುಗಳಲ್ಲಿ ಇದೆ.

ಅಪಘಾತವಾದವರನ್ನು ಕರೆತಂದರೆ ನಮ್ಮ ಮೇಲೆ ಕೇಸ್ ಬೀಳುವುದೇ?

ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲು, ಸಾಕ್ಷಿಯಾಗಲು ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಹುಮನಾಬಾದ್ ಹಾದು ಹೋಗುವ ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಾಗಲಿ, ಜೇವರ್ಗಿ ರಸ್ತೆಯಲ್ಲಾಗಲಿ, ಬಿದ್ದವರನ್ನು ಕಂಡರೆ ಹೆದರದೆ ಗಾಡಿ ನಿಲ್ಲಿಸಿ.

ಗಾಯದೊಳಗಿಂದ ಎಲುಬು ಕಾಣುತ್ತಿದೆ. ಬೆಳಗಾದ ಮೇಲೆ ಹೋದರೆ ನಡೆಯುವುದಿಲ್ಲವೇ?

ನಡೆಯುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಎಲುಬು ಮುರಿದ ಜಾಗದಲ್ಲಿ ಚರ್ಮವೂ ಹರಿದಿದ್ದರೆ ಅದು ತೆರೆದ ಮುರಿತ. ಎಲುಬು ಹೊರಗೆ ಚಾಚಿರಬೇಕೆಂದೇನೂ ಇಲ್ಲ. ಮುರಿದ ಜಾಗದ ಮೇಲೆ ಜೋಳದ ಕಾಳಿನಷ್ಟು ತೂತಿದ್ದು, ಅದರಿಂದ ರಕ್ತ ಒಸರುತ್ತಿದ್ದರೂ ಅದನ್ನು ತೆರೆದ ಮುರಿತವೆಂದೇ ಎಣಿಸಬೇಕು. ಹೊಲದ ಮಣ್ಣು, ರಸ್ತೆಯ ಧೂಳು, ಬಟ್ಟೆಯ ಎಳೆ ಆ ತೂತಿನಿಂದ ಎಲುಬಿನವರೆಗೆ ಹೋಗಿರುತ್ತವೆ. ಎಲುಬಿಗೆ ಹತ್ತಿದ ಸೋಂಕು ವರ್ಷಗಟ್ಟಲೆ ಬಿಡುವುದಿಲ್ಲ.

ಇಂಥ ಕಾಲಿಗೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಸಾಧ್ಯವಾದರೆ ಒಂದು ಗಂಟೆಯೊಳಗೆ ಬೀಳಬೇಕು. ಅದನ್ನು ಕೊಡಲು ದೊಡ್ಡ ಆಸ್ಪತ್ರೆ ಬೇಕಿಲ್ಲ, ತಾಲೂಕು ಆಸ್ಪತ್ರೆ ಸಾಕು. ಜೊತೆಗೆ ಧನುರ್ವಾಯುವಿಗೆ ಟಿಟಿ ಚುಚ್ಚುಮದ್ದು. ಆಮೇಲೆ ಆಪರೇಷನ್ ಕೋಣೆಯಲ್ಲಿ ಗಾಯವನ್ನು ತೆರೆದು, ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆಯಬೇಕು. ತೊಳೆಯುವ ಈ ಕೆಲಸ ದುಬಾರಿಯದಲ್ಲ. 2015ರಲ್ಲಿ ಪ್ರಕಟವಾದ, ಭಾರತವೂ ಸೇರಿ ಹಲವು ದೇಶಗಳ ಎರಡೂವರೆ ಸಾವಿರ ರೋಗಿಗಳ ಅಧ್ಯಯನವೊಂದು ಸಾಬೂನು ದ್ರಾವಣಕ್ಕಿಂತ ಬರೀ ಸಲೈನೇ ಮೇಲು, ಒತ್ತಡದಿಂದ ಚಿಮ್ಮಿಸುವ ಯಂತ್ರದಿಂದ ಹೆಚ್ಚಿನ ಲಾಭವಿಲ್ಲ ಎಂದು ತೋರಿಸಿತು. ಬಡ ದೇಶಗಳ ಆಸ್ಪತ್ರೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ.

ಗಾಯ ದೊಡ್ಡದಿದ್ದರೆ ಮೊದಲ ದಿನವೇ ಹೊಲಿದು ಮುಚ್ಚುವುದಿಲ್ಲ. "ಹೊಲಿಗೆ ಹಾಕದೆ ಬಿಟ್ಟಿದ್ದಾರೆ" ಎಂದು ವೈದ್ಯರ ಮೇಲೆ ಸಿಟ್ಟಾಗಬೇಡಿ. ಕೊಳೆ ಒಳಗಿರುವಾಗ ಮೇಲೆ ಹೊಲಿದರೆ ಕೀವು ಒಳಗೇ ತುಂಬುತ್ತದೆ. ಹೊರಗಿನಿಂದ ಸರಳು ಚುಚ್ಚಿ ಚೌಕಟ್ಟು ಕಟ್ಟಿ, ಎರಡು ಮೂರು ದಿನ ಬಿಟ್ಟು ಮತ್ತೆ ತೊಳೆದು ಆಮೇಲೆ ಮುಚ್ಚುವುದೇ ಸರಿಯಾದ ದಾರಿ.

ಗಾಯಕ್ಕೆ ಅರಿಶಿನ, ಕಾಫಿ ಪುಡಿ, ಸಗಣಿ ಬೂದಿ ಹಚ್ಚಬಹುದೇ?

ಏನನ್ನೂ ಹಚ್ಚಬೇಡಿ. ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣು ಇರುತ್ತದೆ. ಮಿಕ್ಕ ಪುಡಿಗಳನ್ನು ಕೆರೆದು ತೆಗೆಯುವುದರಲ್ಲೇ ವೈದ್ಯರ ಹೊತ್ತು ಹೋಗುತ್ತದೆ. ಕುಡಿಯುವ ನೀರನ್ನು ಸುರಿದು ಮೇಲಿನ ಮಣ್ಣನ್ನು ತೊಳೆದು ಒಗೆದ ಬಟ್ಟೆ ಮುಚ್ಚಿ, ಸಾಕು. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ.

ನಮ್ಮೂರಲ್ಲೇ ಎಲುಬು ಕಟ್ಟುವವರಿದ್ದಾರೆ. ಅವರ ಬಳಿ ಹೋದರೆ ತಪ್ಪೇನು?

ಈ ಪ್ರಶ್ನೆಯನ್ನು ಕೇಳುವವರನ್ನು ಗದರಿಸುವ ವೈದ್ಯರನ್ನು ನಾನು ಒಪ್ಪುವುದಿಲ್ಲ. ಎಲುಬು ಕಟ್ಟುವವರು ಊರಿನವರು, ಕರೆದ ಕೂಡಲೇ ಬರುತ್ತಾರೆ, ಕೊಟ್ಟಷ್ಟು ಪಡೆಯುತ್ತಾರೆ, ರೋಗಿಯ ಜೊತೆ ಕೂತು ಮಾತಾಡುತ್ತಾರೆ. ನಮ್ಮಲ್ಲಿ ಮಾತ್ರವಲ್ಲ, ಆಫ್ರಿಕಾದ ನೈಜೀರಿಯಾ, ಘಾನಾ ದೇಶಗಳಲ್ಲೂ ಬಹಳ ಜನ ಮೊದಲು ಹೋಗುವುದು ಇಂಥವರ ಬಳಿಗೇ. ಜರುಗದ ಸಣ್ಣ ಬಿರುಕಾಗಿದ್ದರೆ ಅವರು ಕಟ್ಟಿದರೂ ಕೂಡುತ್ತದೆ, ಏಕೆಂದರೆ ಅಂಥ ಎಲುಬು ಅಲುಗದಿದ್ದರೆ ತಾನೇ ಕೂಡುತ್ತದೆ.

ತೊಂದರೆ ಬರುವುದು ಬಿಗಿ ಕಟ್ಟಿನಿಂದ. ಉದ್ದಿನ ಹಿಟ್ಟು, ಮೊಟ್ಟೆಯ ಲೋಳೆ ಬಳಿದು ಬಿದಿರಿನ ದಬ್ಬೆ ಇಟ್ಟು ಸುತ್ತಲೂ ಬಿಗಿದಾಗ ಆ ಲೇಪ ಒಣಗಿ ಗಟ್ಟಿಯಾಗುತ್ತದೆ. ಅದೇ ಹೊತ್ತಿಗೆ ಒಳಗೆ ಮೀನಖಂಡ ಊದಿಕೊಳ್ಳುತ್ತಿರುತ್ತದೆ. ಹೊರಗೆ ಹಿಗ್ಗಲು ಜಾಗವಿಲ್ಲದೆ ಒಳಗಿನ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಆರು ಗಂಟೆ ಹಾಗೇ ಉಳಿದರೆ ಸ್ನಾಯು ಸಾಯತೊಡಗುತ್ತದೆ. ಕಟ್ಟಿದ ಮೂರನೆಯ ದಿನ ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಬಂದ ಹುಡುಗರನ್ನು ನಾನು ನೋಡಿದ್ದೇನೆ. ಮುರಿತ ಸಾದಾ ಆಗಿತ್ತು, ಕಳೆದುಕೊಂಡದ್ದು ಇಡೀ ಪಾದ.

ಇದೇ ಅಪಾಯ ಆಸ್ಪತ್ರೆಯ ಪ್ಲಾಸ್ಟರ್ ಒಳಗೂ ಆಗಬಹುದು, ಕಟ್ಟಿಲ್ಲದ ಕಾಲಿನಲ್ಲೂ ಆಗಬಹುದು. ಗುರುತು ಹೀಗಿರುತ್ತದೆ: ಮಾತ್ರೆ ಕೊಟ್ಟರೂ ನೋವು ಏರುತ್ತಲೇ ಹೋಗುತ್ತದೆ. ನೀವು ಅವನ ಕಾಲಬೆರಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿದರೆ ಚೀರುತ್ತಾನೆ. ಮೀನಖಂಡ ಮುಟ್ಟಿದರೆ ಕಲ್ಲಿನಂತಿರುತ್ತದೆ. ಬೆರಳ ಸಂದಿಯಲ್ಲಿ ಜೋಮು ಹಿಡಿಯುತ್ತದೆ. ಆಗ ನಾಡಿ ಸಿಗುತ್ತಿದೆ ಎಂದು ಸಮಾಧಾನ ಪಡಬೇಡಿ. ಯಾರು ಕಟ್ಟಿದ್ದರೂ ಸರಿ, ಕಟ್ಟನ್ನು ಉದ್ದಕ್ಕೆ ಪೂರ್ತಿ ಕತ್ತರಿಸಿ ಬಿಡಿಸಿ, ಕಾಲನ್ನು ಎದೆಯ ಮಟ್ಟದಲ್ಲೇ ಇಟ್ಟು, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಿ. ಗಾಯವಿದ್ದರೆ, ತೊಡೆ ಅಥವಾ ಕೀಲು ಮುರಿದಿದ್ದರೆ, ಮಗುವಾಗಿದ್ದರೆ ಕಟ್ಟುವವರ ಬಳಿ ಹೋಗಲೇಬೇಡಿ.

ಎಲ್ಲಿಗೆ ಹೋಗಬೇಕು? ಸೋಲಾಪುರ, ಹೈದರಾಬಾದಿಗೇ ಹೋಗಬೇಕೇ?

ಮೊದಲು ಹತ್ತಿರದ ತಾಲೂಕು ಆಸ್ಪತ್ರೆ. ಅಲ್ಲಿ ಮೂರು ಕೆಲಸ ಮಾಡಿಸಿಕೊಳ್ಳಿ: ಕಾಲಿಗೆ ಆಧಾರದ ಕಟ್ಟು, ಗಾಯವಿದ್ದರೆ ಆ್ಯಂಟಿಬಯೋಟಿಕ್ ಮತ್ತು ಟಿಟಿ, ಏನು ಕೊಟ್ಟರು ಎಷ್ಟು ಗಂಟೆಗೆ ಕೊಟ್ಟರು ಎಂಬ ಚೀಟಿ. ಅಲ್ಲಿಂದ ಮುಂದೆ ಕಲಬುರಗಿಯ ಜಿಮ್ಸ್ ಅಥವಾ ಇಎಸ್‌ಐಸಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಇವೆ. ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ.

ಜಾಗತಿಕ ಶಸ್ತ್ರಚಿಕಿತ್ಸೆಯ ಬಗ್ಗೆ 2015ರಲ್ಲಿ ವರದಿ ಕೊಟ್ಟ ಲ್ಯಾನ್ಸೆಟ್ ಆಯೋಗ, ಪ್ರಪಂಚದ 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟುಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ ಎಂದಿತು. ಯಾವ ಆಸ್ಪತ್ರೆ ಪರವಾಗಿಲ್ಲ ಎಂದು ಅಳೆಯಲು ಅದು ಮೂರು ಕೆಲಸಗಳನ್ನು ಆರಿಸಿತು: ಸಿಸೇರಿಯನ್ ಹೆರಿಗೆ, ಹೊಟ್ಟೆಯ ಆಪರೇಷನ್, ತೆರೆದ ಮುರಿತದ ಚಿಕಿತ್ಸೆ. ಇವು ಎರಡು ಗಂಟೆಯೊಳಗೆ ತಲುಪುವಂತಿರಬೇಕು. ಹುಣಸಗಿಯ ತುದಿಯ ಹಳ್ಳಿಯಿಂದಲೋ ಔರಾದ್ ಗಡಿಯ ತಾಂಡಾದಿಂದಲೋ ಹೊರಟವರಿಗೆ ಗಾಡಿ ಹೊಂದಿಸುವುದರಲ್ಲೇ ಅಷ್ಟು ಹೊತ್ತು ಕಳೆದಿರುತ್ತದೆ. ಹಾಗಿರುವಾಗ ಹತ್ತಿರದ ಆಸ್ಪತ್ರೆಗಳನ್ನು ದಾಟಿ ಇನ್ನೂ ನೂರಾರು ಕಿಲೋಮೀಟರ್ ಹೋಗುವುದು ತೆರೆದ ಮುರಿತದ ಕಾಲಿಗೆ ಒಳ್ಳೆಯದಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು "ಇಲ್ಲಿ ಆಗುವುದಿಲ್ಲ, ನಾನು ಹೇಳಿದಲ್ಲಿಗೆ ನಡೆಯಿರಿ" ಎನ್ನುವ ಅಪರಿಚಿತರ ಮಾತಿಗೆ ಕಿವಿಗೊಡಬೇಡಿ. ಎಲ್ಲಿಗೆ ಕಳಿಸಬೇಕೆಂದು ಒಳಗಿನ ವೈದ್ಯರು ಬರೆದುಕೊಡಲಿ.

ಹಣ ಎಲ್ಲಿಂದ ತರುವುದು?

ಹೊಲ ಅಡವಿಡುವ ಮೊದಲು ಇವನ್ನು ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ದೊಡ್ಡ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು, ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಗಡಿ ದಾಟುವುದಾದರೆ ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.

ರಸ್ತೆ ಅಪಘಾತವಾಗಿದ್ದರೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ಅಪಘಾತವಾದ ದಿನದಿಂದ ಏಳು ದಿನಗಳವರೆಗೆ, ನಿಗದಿತ ಆಸ್ಪತ್ರೆಗಳಲ್ಲಿ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಪೊಲೀಸರಿಗೆ ಮಾಹಿತಿ ಹೋಗಿರಬೇಕು, ಆದ್ದರಿಂದ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ದಾಖಲೆ, ಬರೆಸುವುದನ್ನು ತಪ್ಪಿಸಬೇಡಿ. ಗಣಿಯಲ್ಲೋ ಕಾರ್ಖಾನೆಯಲ್ಲೋ ಕೆಲಸದ ಮೇಲೆ ಆದ ಪೆಟ್ಟಿಗೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು 1923ರಿಂದಲೂ ಇದೆ. ಇಎಸ್‌ಐ ಎಂಬ ಕಾರ್ಮಿಕರ ವಿಮೆ ಇದ್ದವರಿಗೆ ಚಿಕಿತ್ಸೆಯೂ ಕೂಲಿಯ ಭಾಗವೂ ಅಲ್ಲಿಂದಲೇ ಸಿಗುತ್ತದೆ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಕಲ್ಯಾಣ ಮಂಡಳಿಯ ನೆರವೂ ಇದೆ.

ರಾಡ್, ಪ್ಲೇಟ್, ಪ್ಲಾಸ್ಟರ್: ಯಾವುದು ಒಳ್ಳೆಯದು?

ಮುರಿದ ಜಾಗ ನೋಡಿ ಹೇಳಬೇಕಾದ ಮಾತಿದು. ಮೊಣಕಾಲ ಕೆಳಗಿನ ಎಲುಬು ಹೆಚ್ಚು ಜರುಗದೆ ಮುರಿದಿದ್ದರೆ ಪ್ಲಾಸ್ಟರಿನಲ್ಲೇ ಕೂಡುತ್ತದೆ. ಕೆಲವು ವಾರಗಳ ನಂತರ ಮೊಣಕಾಲು ಮಡಿಚಲು ಬರುವಂಥ ಗಿಡ್ಡ ಪ್ಲಾಸ್ಟರ್ ಹಾಕಿ ನಡೆಸುವ ವಿಧಾನವನ್ನು ಆಗಸ್ಟೊ ಸಾರ್ಮಿಯೆಂಟೊ 1960ರ ದಶಕದಲ್ಲಿ ಬಳಕೆಗೆ ತಂದರು. ಅಗ್ಗವಾದದ್ದು ಎಂಬ ಕಾರಣಕ್ಕೆ ಅದನ್ನು ಕೀಳಾಗಿ ನೋಡಬೇಡಿ. ಕೀಲಿನ ಮುರಿತಕ್ಕೆ ಸಾಮಾನ್ಯವಾಗಿ ಪ್ಲೇಟ್. ದೊಡ್ಡವರ ತೊಡೆ ಎಲುಬಿಗೆ, ಸಾಧ್ಯವಿರುವಲ್ಲೆಲ್ಲ, ಎಲುಬಿನ ಟೊಳ್ಳಿನೊಳಗೆ ರಾಡ್. ಜರ್ಮನಿಯ ಗೆರ್ಹಾರ್ಡ್ ಕುಂಚರ್ ಎರಡನೆಯ ಮಹಾಯುದ್ಧದ ಆರಂಭದ ಹೊತ್ತಿಗೆ ಆರಂಭಿಸಿದ ಈ ಕ್ರಮ ರೋಗಿಯನ್ನು ಕೆಲವೇ ದಿನಗಳಲ್ಲಿ ಮಂಚದಿಂದ ಎಬ್ಬಿಸುತ್ತದೆ.

ಇದರಲ್ಲಿ ಬಡ ದೇಶಗಳಿಗೆ ಒಂದು ಅಡ್ಡಿ ಇತ್ತು. ರಾಡಿನ ತೂತಿಗೆ ಸರಿಯಾಗಿ ಸ್ಕ್ರೂ ಕೂರಿಸಲು ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಬೇಕು. ಅದಿಲ್ಲದ, ಗಂಟೆಗೊಮ್ಮೆ ಕರೆಂಟ್ ಹೋಗುವ ಆಸ್ಪತ್ರೆಗಳು ಏನು ಮಾಡಬೇಕು? ವಿಯೆಟ್ನಾಮಿನಲ್ಲಿ ಸೈನ್ಯದ ವೈದ್ಯರಾಗಿದ್ದ ಅಮೆರಿಕದ ಲೂಯಿಸ್ ಝರ್ಕಲ್ 1999ರಲ್ಲಿ ಸೈನ್ ಎಂಬ ಸಂಸ್ಥೆ ಕಟ್ಟಿದರು. ಅದರ ರಾಡ್ ಗಟ್ಟಿ ಉಕ್ಕಿನದು. ಹೊರಗೆ ಹಿಡಿದ ಅಳತೆಯ ತೋಳು ಮತ್ತು ತೂತನ್ನು ತಡವಿ ಹುಡುಕುವ ಕಡ್ಡಿಯ ಸಹಾಯದಿಂದ, ಸಿ-ಆರ್ಮ್ ಇಲ್ಲದೆಯೇ ಸ್ಕ್ರೂ ಕೂರಿಸಬಹುದು. ಐವತ್ತಕ್ಕೂ ಹೆಚ್ಚು ದೇಶಗಳ ಆಸ್ಪತ್ರೆಗಳಿಗೆ ಅದು ತಲುಪಿದೆ, ಬಡ ರೋಗಿಗಳಿಗೆ ಉಚಿತವಾಗಿ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸಿ-ಆರ್ಮ್ ಇರುವುದರಿಂದ ಸಾಮಾನ್ಯ ರಾಡನ್ನೇ ಹಾಕುತ್ತಾರೆ. ನಾನು ಇದನ್ನು ಹೇಳಿದ್ದಕ್ಕೆ ಕಾರಣ ಬೇರೆ. "ಟೈಟಾನಿಯಂ ಹಾಕಿಸಿ, ಉಕ್ಕಿನದು ಬಡವರಿಗೆ" ಎಂದು ಯಾರಾದರೂ ಹೇಳಿದಾಗ ಕೈಗಡ ಮಾಡಿ ಹೆಚ್ಚು ಹಣ ಕಟ್ಟುವವರಿದ್ದಾರೆ. ಹೆಚ್ಚಿನ ಮುರಿತಗಳಿಗೆ ಒಳ್ಳೆಯ ಉಕ್ಕಿನ ರಾಡ್ ಸಾಕು. ಉಳಿದ ಹಣ ಆಮೇಲಿನ ತಿಂಗಳುಗಳ ಹಾಲು, ಮೊಟ್ಟೆ, ಬಸ್ ಚಾರ್ಜಿಗೆ ಬೇಕಾಗುತ್ತದೆ.

ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆ. ಆಪರೇಷನ್ ಮಾಡುವವರಿಲ್ಲವೆಂದೇ?

ಆಪರೇಷನ್ನಿನವರೆಗೆ ಎಲುಬನ್ನು ಉದ್ದಕ್ಕೆ ಹಿಡಿದಿಡಲು, ನೋವು ಕಡಿಮೆ ಮಾಡಲು ತೂಕ ಕಟ್ಟುತ್ತಾರೆ. ಆಪರೇಷನ್ ಸಾಧ್ಯವಿಲ್ಲದ ಕಡೆ ಇದೇ ಪೂರ್ಣ ಚಿಕಿತ್ಸೆ. ಮಲಾವಿಯಂಥ ದೇಶಗಳಲ್ಲಿ ತೊಡೆ ಮುರಿದವರು ಆರರಿಂದ ಹನ್ನೆರಡು ವಾರ ಹೀಗೆ ಮಲಗಿ ಗುಣವಾಗಿದ್ದಾರೆ. ಜಾರ್ಜ್ ಪರ್ಕಿನ್ಸ್ ಎಂಬ ಬ್ರಿಟಿಷ್ ವೈದ್ಯರ ವಿಧಾನದಲ್ಲಿ ತೂಕ ಹಾಕಿಕೊಂಡೇ ದಿನಾ ಮೊಣಕಾಲು ಮಡಿಚಿಸುತ್ತಾರೆ, ಅದರಿಂದ ಕೀಲು ಬಿಗಿಯುವುದಿಲ್ಲ. ಆದರೆ ಮೂರು ತಿಂಗಳು ಮಲಗಿದ ಕೂಲಿಯವನ ಮನೆ ಹೇಗೆ ನಡೆಯಬೇಕು? ರಾಡ್ ಸಾಧ್ಯವಿದ್ದರೆ ನಾನು ರಾಡಿನ ಪರ.

ತೂಕ ನೆಲಕ್ಕೆ ತಾಗಬಾರದು, ನೀವಾಗಿ ಬಿಚ್ಚಲೂಬಾರದು. ಬೆನ್ನು, ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂದು ದಿನಾ ನೋಡಿ.

ಮಗುವಿನ ಪಾದ ಬೈಕಿನ ಚಕ್ರಕ್ಕೆ ಸಿಕ್ಕಿದೆ. ಮೇಲೆ ತರಚಿದೆಯಷ್ಟೆ.

ಅಷ್ಟೇ ಅಲ್ಲದಿರಬಹುದು. ಹಿಂದೆ ಕೂತ ಮಗುವಿನ ಹಿಮ್ಮಡಿ ಸ್ಪೋಕುಗಳ ನಡುವೆ ಸಿಕ್ಕಿದಾಗ ಚರ್ಮ ಒಳಗಿನಿಂದ ಬಿಟ್ಟುಕೊಂಡಿರುತ್ತದೆ. ಮೊದಲ ದಿನ ತರಚಿದಂತೆ ಕಂಡದ್ದು ಎರಡು ಮೂರು ದಿನಗಳಲ್ಲಿ ಕಪ್ಪಾಗಿ ಉದುರುತ್ತದೆ. ಆದ್ದರಿಂದ ಎಕ್ಸ್‌ರೇ ತೆಗೆಸಿ, ಎರಡು ದಿನ ಬಿಟ್ಟು ಮತ್ತೆ ತೋರಿಸಿ. ಜಾತ್ರೆಗೆ, ಮದುವೆಗೆ ನಾಲ್ಕು ಜನ ಒಂದೇ ಬೈಕಿನಲ್ಲಿ ಹೊರಡುವ ನಮ್ಮೂರುಗಳಲ್ಲಿ ಹಿಂದಿನ ಚಕ್ರದ ಸೀರೆ ಗಾರ್ಡನ್ನು ತೆಗೆಸಬೇಡಿ.

ಮಕ್ಕಳ ಎಲುಬು ಹಸಿ ಕಡ್ಡಿಯಂತೆ ಬಾಗಿ ಅರ್ಧ ಸೀಳುತ್ತದೆ, ಬೇಗ ಕೂಡುತ್ತದೆ. ಚಿಕ್ಕ ಮಗುವಿನ ತೊಡೆ ಎಲುಬಿಗೆ ಆರು ವಾರದ ಆಸುಪಾಸು ಸಾಕು, ಆಪರೇಷನ್ ಬೇಕಾಗುವುದು ಕಡಿಮೆ.

ವಯಸ್ಸಾದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಈ ವಯಸ್ಸಿನಲ್ಲಿ ಆಪರೇಷನ್ ಬೇಕೇ?

ಸೊಂಟದ ಕೀಲಿನ ಹತ್ತಿರ ತೊಡೆ ಎಲುಬು ಮುರಿದಿದ್ದರೆ ಬೇಕು, ಅದೂ ಬೇಗ. ವಯಸ್ಸಾದವರು ಮಲಗಿಯೇ ಉಳಿದರೆ ಬೆನ್ನು ಹುಣ್ಣು, ನ್ಯುಮೋನಿಯಾ, ರಕ್ತ ಹೆಪ್ಪುಗಟ್ಟುವಿಕೆ ಬರುತ್ತವೆ. ಹೃದಯ, ಸಕ್ಕರೆ ನೋಡಿ ವೈದ್ಯರು ಒಪ್ಪಿದರೆ ತಡಮಾಡಬೇಡಿ.

ಎಲುಬು ಕೂಡಲು ಎಷ್ಟು ದಿನ? ಕಾಲೂರುವುದು ಯಾವಾಗ?

ದೊಡ್ಡವರಲ್ಲಿ ತೊಡೆಗೂ ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೂ ನಾಲ್ಕರಿಂದ ಆರು ತಿಂಗಳು. ತೆರೆದ ಮುರಿತಕ್ಕೆ ಇನ್ನೂ ಹೆಚ್ಚು. ಪಾದದ ಗಿಣ್ಣಿಗೆ ಆರರಿಂದ ಎಂಟು ವಾರ. ಕಾಲೂರುವುದನ್ನು ಮಾತ್ರ ಆಪರೇಷನ್ ಮಾಡಿದವರೇ ಹೇಳಬೇಕು: ರಾಡ್ ಹಾಕಿದವರನ್ನು ಮರುದಿನವೇ ನಡೆಸುವುದುಂಟು, ಕೀಲಿನ ಮುರಿತಕ್ಕೆ ಪ್ಲೇಟ್ ಹಾಕಿದವರು ವಾರಗಟ್ಟಲೆ ಕಾಯಬೇಕು.

ಕಾಯುವಾಗಲೂ ಸುಮ್ಮನೆ ಮಲಗುವಂತಿಲ್ಲ. ಟವೆಲ್ ಸುತ್ತಿ ಮೊಣಕಾಲ ಕೆಳಗಿಡಿ. ತೊಡೆಯ ಸ್ನಾಯು ಬಿಗಿದು ಮೊಣಕಾಲಿನಿಂದ ಟವೆಲನ್ನು ಹಾಸಿಗೆಗೆ ಒತ್ತಿ, ಐದು ಎಣಿಸಿ ಬಿಡಿ. ಹತ್ತು ಸಲ, ಎರಡು ಗಂಟೆಗೊಮ್ಮೆ. ಸರಿಯಾಗಿ ಮಾಡಿದರೆ ಮಂಡಿಚಿಪ್ಪು ಮೇಲಕ್ಕೆ ಸರಿಯುವುದು ಕಾಣುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಎಲುಬು ಚೆನ್ನಾಗಿ ಕೂಡಿಯೂ ಮೊಣಕಾಲು ಮಡಿಚಲಾರದೆ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂರಲಾಗದವರನ್ನು ಕಂಡಾಗ ನನಗೆ ಆಗುವ ಸಂಕಟ ಹೇಳಲಾರದ್ದು, ಏಕೆಂದರೆ ಅದನ್ನು ತಪ್ಪಿಸಲು ಒಂದು ರೂಪಾಯಿಯೂ ಬೇಕಿರಲಿಲ್ಲ.

ಶೌಚಕ್ಕೆ ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಗುಂಡಿಯ ಮೇಲಿಡಿ. ಕುರ್ಚಿ ಗಟ್ಟಿಯಿದೆಯೇ ನೋಡಿಕೊಳ್ಳಿ. ಬೇಸಿಗೆಯಲ್ಲಿ ಪ್ಲಾಸ್ಟರಿನೊಳಗೆ ಬೆವರಿ ತುರಿಸಿದರೆ ಕಡ್ಡಿ, ಹೇರ್‌ಪಿನ್ನು ತೂರಿಸಬೇಡಿ, ಒಳಗಾದ ಗೀರು ಕಾಣದೆ ಕೀವಾಗುತ್ತದೆ.

ಊಟದಲ್ಲಿ ಪಥ್ಯ ಏನು?

ನಂಜೆಂದು ಬದನೆಕಾಯಿ, ಮೊಟ್ಟೆ, ಬೇಳೆ ಬಿಡಿಸುವುದು ನಿಲ್ಲಲಿ. ಎಲುಬು ಕಟ್ಟಲು ಪ್ರೋಟೀನ್ ಬೇಕು. ಜೋಳದ ರೊಟ್ಟಿಯ ಜೊತೆ ತೊಗರಿ ಬೇಳೆ, ಶೇಂಗಾ ಚಟ್ನಿ, ಸೊಪ್ಪು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಎಳ್ಳಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಬಿಡಬೇಕಾದದ್ದು ಬೀಡಿ, ಸಿಗರೇಟು, ಗುಟ್ಕಾ, ತಂಬಾಕು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಎಲುಬು ಕೂಡುವುದನ್ನು ತಡೆಯುತ್ತದೆ.

ಆರು ತಿಂಗಳಾದರೂ ಕೀವು ಸೋರುತ್ತಿದೆ. ಕಾಲು ತೆಗೆಯಬೇಕೇ?

ಅಷ್ಟು ಬೇಗ ನಿರಾಶರಾಗಬೇಡಿ. ಮಾತ್ರೆ ಬದಲಿಸುತ್ತ ತಿಂಗಳು ದೂಡುವುದನ್ನು ಮಾತ್ರ ನಿಲ್ಲಿಸಿ. ಒಳಗೆ ಸತ್ತ ಎಲುಬಿನ ತುಂಡು ಇದ್ದರೆ ಅದನ್ನು ತೆಗೆಯುವವರೆಗೆ ಕೀವು ನಿಲ್ಲುವುದಿಲ್ಲ. ತೆಗೆದ ಮೇಲೆ ಉಳಿಯುವ ಖಾಲಿ ಜಾಗವನ್ನು ತುಂಬಲು ಸೈಬೀರಿಯಾದ ಕುರ್ಗಾನ್ ಪಟ್ಟಣದ ಗವ್ರಿಲ್ ಇಲಿಜಾರೋವ್ 1950ರ ದಶಕದಲ್ಲಿ ದಾರಿ ಕಂಡುಕೊಂಡರು. ಕಾಲಿನ ಸುತ್ತ ಬಳೆಗಳನ್ನು ತಂತಿಗಳಿಂದ ಬಿಗಿದು, ಎಲುಬನ್ನು ಬೇರೊಂದು ಕಡೆ ಕತ್ತರಿಸಿ, ದಿನಕ್ಕೆ ಒಂದು ಮಿಲಿಮೀಟರಿನಂತೆ ಸರಿಸಿದರೆ ನಡುವೆ ಹೊಸ ಎಲುಬು ಬೆಳೆಯುತ್ತದೆ. ಆರು ಸೆಂಟಿಮೀಟರಿಗೆ ಎರಡು ತಿಂಗಳು ಸರಿಸಬೇಕು, ಅದು ಗಟ್ಟಿಯಾಗಲು ಇನ್ನೂ ಹಲವು ತಿಂಗಳು ಬೇಕು. ತಾಳ್ಮೆಯ ಚಿಕಿತ್ಸೆ, ಆದರೆ ಕಾಲು ಉಳಿಯುತ್ತದೆ.

ಕಾಲು ತೆಗೆಯಲೇಬೇಕು ಎಂದಿದ್ದಾರೆ. ಮುಂದೆ?

ಒತ್ತಿ ಕೇಳಬೇಕಾದ ಪ್ರಶ್ನೆ: ಮೊಣಕಾಲನ್ನು ಉಳಿಸಲು ಸಾಧ್ಯವೇ? ಮೊಣಕಾಲು ಉಳಿದರೆ ಕೃತಕ ಕಾಲಿನಲ್ಲಿ ನಡೆಯುವುದು ಎಷ್ಟೋ ಸುಲಭ. 1968ರ ಹೊತ್ತಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪ್ರಮೋದ್ ಕರಣ್ ಸೇಠಿ ರೂಪಿಸಿದ ಜೈಪುರ ಪಾದ ನಮ್ಮಂಥವರಿಗೆಂದೇ ಆದದ್ದು. ಚಪ್ಪಲಿ ಇಲ್ಲದೆ ನಡೆಯಬಹುದು, ಕೆಸರಿನಲ್ಲಿ ಇಳಿಯಬಹುದು, ಕುಕ್ಕರಗಾಲಿನಲ್ಲಿ ಕೂರಬಹುದು. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹರಿಗೆ ಕೃತಕ ಕಾಲು ಉಚಿತ. ಅದಕ್ಕೆ ಬೇಕಾದ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಬೇಗ ಅರ್ಜಿ ಹಾಕಿ. ಕತ್ತರಿಸಿದ ಕಾಲಿನ ಉಳಿದ ತುದಿಗೆ ದಿನಾ ಕ್ರೇಪ್ ಬ್ಯಾಂಡೇಜ್ ಸುತ್ತಿರಿ. ಅದರ ಕೆಳಗೆ ದಿಂಬು ಇಟ್ಟು ಮಲಗಬೇಡಿ. ಮೊಣಕಾಲು ಮಡಿಚಿದಲ್ಲೇ ಬಿಗಿದರೆ ಕೃತಕ ಕಾಲು ಕೂರುವುದಿಲ್ಲ.

ಒಳಗಿನ ರಾಡನ್ನು 'ತೆಗೆಸಲೇಬೇಕು' ಎನ್ನುತ್ತಾರೆ. ಹೌದೇ?

ದೊಡ್ಡವರಲ್ಲಿ ತೊಂದರೆ ಕೊಡದಿದ್ದರೆ ಬೇಕಿಲ್ಲ. ನೋವು, ಸೋಂಕು, ಚರ್ಮಕ್ಕೆ ಒತ್ತುವ ಸ್ಕ್ರೂ ಇದ್ದರೆ ತೆಗೆಸಬಹುದು. ಮಕ್ಕಳ ವಿಷಯ ಬೇರೆ, ಅವರದ್ದನ್ನು ಸಾಮಾನ್ಯವಾಗಿ ತೆಗೆಯುತ್ತಾರೆ.

ಮತ್ತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಬಹುದೇ?

ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಾಣಬೇಕು, ಕೋಲಿಲ್ಲದೆ ಕುಂಟದೆ ನಡೆಯಬೇಕು, ಆ ಒಂದೇ ಕಾಲಿನ ಮೇಲೆ ನಿಲ್ಲಲು ಬರಬೇಕು. ಅಲ್ಲಿಯವರೆಗೆ ಸಾರುವೆ ಹತ್ತುವುದು, ತಲೆಯ ಮೇಲೆ ಸಿಮೆಂಟ್ ಚೀಲ ಹೊರುವುದು ಬೇಡ. ಕೂಡುವ ಮೊದಲೇ ಭಾರ ಹೊತ್ತರೆ ರಾಡೇ ಮುರಿಯುತ್ತದೆ. ಮೇಸ್ತ್ರಿಯ ಬಳಿ ಕೂತು ಮಾಡುವ ಕೆಲಸ ಕೇಳಿ, ಸರಳು ಕಟ್ಟುವುದು, ಸಾಮಾನಿನ ಲೆಕ್ಕ ಬರೆಯುವುದು ಇಂಥವು.

ಹೋಗುವಾಗ ಡಿಸ್ಚಾರ್ಜ್ ಚೀಟಿ, ಆಪರೇಷನ್ ಟಿಪ್ಪಣಿ ಮತ್ತು ಎಕ್ಸ್‌ರೇ ಫಿಲ್ಮುಗಳ ಫೋಟೋ ಮೊಬೈಲಿನಲ್ಲಿರಲಿ. ಫಿಲ್ಮನ್ನು ಬೆಳಕಿನ ಕಿಟಕಿಗೆ ಹಿಡಿದು ತೆಗೆದರೆ ಸ್ಪಷ್ಟ ಬರುತ್ತದೆ. ಅಲ್ಲಿ ಕಾಲು ನೋವಾದರೆ ಯಾವ ಆಸ್ಪತ್ರೆಯಲ್ಲಾದರೂ ತೋರಿಸಬಹುದು. ಅಪಘಾತ ಪರಿಹಾರದ ಅರ್ಜಿಗೂ ಇವೇ ಕಾಗದ ಬೇಕು, ಆ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಿಬಿಡಿ. ಕೈಯಲ್ಲಿ ಹಣವಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿದರೆ ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.